ತೊಡೆಮೂಳೆಯ ಮೇಲೊಂದು ಗೆರೆ: ಸರ್ಜನ್ ಆಸ್ಟ್ಲಿ ಕೂಪರ್ ಮತ್ತು ಲೆಕ್ಕಕ್ಕೆ ಸಿಗದ ಹೆಣಗಳು

ಬಿಟಿಎಂ ಲೇಔಟಿನ ಪಿಜಿಯಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನು ಮೆಡಿಕಲ್ ಕೋಡರ್. ನಾನಾಗ ಇಂಜಿನಿಯರಿಂಗ್ ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ನಾನು ಬರೆಯುತ್ತಿದ್ದ ಕೋಡೇ ಬೇರೆ, ಅವನದೇ ಬೇರೆ. ಅಮೆರಿಕದ ಯಾವುದೋ ಊರಲ್ಲಿ ಅಜ್ಜಿಯೊಬ್ಬರು ಜಾರಿ ಬಿದ್ದು ತೊಡೆಮೂಳೆ ಮುರಿದುಕೊಂಡರೆ, ಅಲ್ಲಿನ ಡಾಕ್ಟರ್ ಬರೆದ ಟಿಪ್ಪಣಿ ಇವನ ಸ್ಕ್ರೀನಿಗೆ ಬರುತ್ತಿತ್ತು. ಅದನ್ನು ಓದಿ ಅಕ್ಷರ, ಅಂಕಿ ಸೇರಿದ ಒಂದು ಪುಟ್ಟ ಸಾಲು ಟೈಪ್ ಮಾಡುವುದು ಇವನ ಕೆಲಸ. ವಿಮಾ ಕಂಪನಿ ದುಡ್ಡು ಬಿಚ್ಚುವುದು ಆ ಸಾಲು ನೋಡಿ.

ತೊಡೆಮೂಳೆ ಮುರಿತಕ್ಕೆ ಎಸ್ 72. ಅದರ ಮುಂದೆ ಚುಕ್ಕಿ. ಚುಕ್ಕಿಯ ನಂತರ ಸೊನ್ನೆ ಇದ್ದರೆ ಮೂಳೆಯ ಕುತ್ತಿಗೆ ಮುರಿದಿದೆ, ಒಂದು ಇದ್ದರೆ ಕುತ್ತಿಗೆಯ ಬುಡದ ಉಬ್ಬಿನ ಹತ್ತಿರ, ಎರಡು ಅಂದರೆ ಅದಕ್ಕೂ ಸ್ವಲ್ಪ ಕೆಳಗೆ, ಮೂರು ಅಂದರೆ ನಡುಗಂಬ, ನಾಲ್ಕು ಅಂದರೆ ಮಂಡಿಯ ಕಡೆ. ಅಮೆರಿಕದವರು 2015ರಿಂದ ಬಳಸುತ್ತಿರುವ ಆವೃತ್ತಿಯಲ್ಲಿ ಇದು ಇನ್ನೂ ಉದ್ದ: ಎಡಗಾಲೋ ಬಲಗಾಲೋ, ಮೂಳೆ ಸರಿದಿದೆಯೋ ಇಲ್ಲವೋ, ಚರ್ಮ ಹರಿದು ಗಾಯ ತೆರೆದಿದೆಯೋ ಇಲ್ಲವೋ. ಕೊನೆಯಲ್ಲಿ ಒಂದು ಅಕ್ಷರ. ಕೂಡಿಕೊಳ್ಳುತ್ತಿದ್ದರೆ ಡಿ, ಕೂಡಿಕೊಳ್ಳಲೇ ಇಲ್ಲ ಅಂದರೆ ಕೆ, ಸೊಟ್ಟಗೆ ಕೂಡಿದ್ದರೆ ಪಿ.

ಇದರಲ್ಲಿ ತಮಾಷೆ ಅಂದರೆ, ಕೋಡರ್ ಎಕ್ಸ್‌ರೇ ಚಿತ್ರ ನೋಡಿ ತಾನೇ ತೀರ್ಮಾನ ಮಾಡುವಂತಿಲ್ಲ. ಡಾಕ್ಟರ್ ಬರೆದಿದ್ದರೆ ಉಂಟು, ಬರೆಯದಿದ್ದರೆ ಇಲ್ಲ. ಗಾಯ ತೆರೆದಿತ್ತು ಅಂತ ಬರೆಯದಿದ್ದರೆ ಮುಚ್ಚಿದ್ದು ಅಂತಲೇ ಲೆಕ್ಕ. ಸರಿದಿಲ್ಲ ಅಂತ ಬರೆಯದಿದ್ದರೆ ಸರಿದಿದೆ ಅಂತಲೇ ಲೆಕ್ಕ. ಬರೆಯದೆ ಬಿಟ್ಟದ್ದಕ್ಕೂ ಒಂದು ಅರ್ಥ ಹುಟ್ಟಿಸುವ ವ್ಯವಸ್ಥೆ ಇದು.

ಕುತ್ತಿಗೆಯ ಹತ್ತಿರ ಮುರಿದಿದ್ದರೆ ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ, ಮುರಿತ ಕೀಲಿನ ಚೀಲದ ಒಳಗಿದೆಯೋ ಹೊರಗಿದೆಯೋ ಅನ್ನುವುದು. ಸೊಂಟದ ಕೀಲನ್ನು ಒಂದು ಗಟ್ಟಿ ಪೊರೆ ಚೀಲದಂತೆ ಸುತ್ತಿಕೊಂಡಿರುತ್ತದೆ. ಆ ಚೀಲದ ಅಂಚೇ ಗೆರೆ. ಈ ಗೆರೆಯನ್ನು ವೈದ್ಯರ ತಲೆಯಲ್ಲಿ ಅಳಿಸಲಾಗದಂತೆ ಎಳೆದವನು ಆಸ್ಟ್ಲಿ ಕೂಪರ್. ತನ್ನ ಕಾಲದ ಲಂಡನ್ನಿನ ಅತ್ಯಂತ ಶ್ರೀಮಂತ, ಅತ್ಯಂತ ಪ್ರಸಿದ್ಧ ಸರ್ಜನ್. ಹೆಣಗಳ್ಳರ ಅತಿ ದೊಡ್ಡ ಗಿರಾಕಿಗಳಲ್ಲಿ ಒಬ್ಬ ಕೂಡ.

ಕೂಪರ್ ಹುಟ್ಟಿದ್ದು 1768ರಲ್ಲಿ, ಇಂಗ್ಲೆಂಡಿನ ನಾರ್ಫಕ್ ಸೀಮೆಯ ಬ್ರೂಕ್ ಎಂಬ ಹಳ್ಳಿಯಲ್ಲಿ. ಅಪ್ಪ ಪಾದ್ರಿ, ಅಮ್ಮ ಕಾದಂಬರಿ ಬರೆಯುತ್ತಿದ್ದವರು. ಹುಡುಗ ಮಹಾ ತುಂಟ. ಓದಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಅವನ ಬಾಲ್ಯದ ಬಗ್ಗೆ ತಪ್ಪದೆ ಹೇಳುವ ಒಂದು ಕಥೆ ಇದೆ: ಅವನಿಗೆ ಹಾಲುಣಿಸಿದ ದಾದಿಯ ಮಗ ಗಾಡಿಗೆ ಸಿಕ್ಕಿ ತೊಡೆಯ ರಕ್ತನಾಳ ಹರಿದುಕೊಂಡಾಗ, ಈ ಪುಟ್ಟ ಹುಡುಗ ಕರವಸ್ತ್ರ ಬಿಗಿದು ರಕ್ತ ನಿಲ್ಲಿಸಲು ನೋಡಿದನಂತೆ. ದೊಡ್ಡವರಾದವರ ಬಾಲ್ಯದಲ್ಲಿ ಇಂಥ ಕಥೆಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ, ಹಾಗಾಗಿ ಇದನ್ನು ಅಷ್ಟಕ್ಕೇ ಬಿಡೋಣ. ಗಟ್ಟಿಯಾಗಿ ಹೇಳಬಹುದಾದ್ದು ಇಷ್ಟು. ಚಿಕ್ಕಪ್ಪ ವಿಲಿಯಂ ಕೂಪರ್ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದ. 1784ರಲ್ಲಿ, ಹದಿನಾರರ ವಯಸ್ಸಿಗೆ, ಹುಡುಗನನ್ನು ಅಲ್ಲಿಗೆ ಕಳಿಸಿದರು. ಇನ್‌ಫ್ಲುಯೆನ್ಸ್ ಅನ್ನೋದು ಇವತ್ತಿನ ಆವಿಷ್ಕಾರ ಅಲ್ಲ.

ಆದರೆ ಅವನನ್ನು ರೂಪಿಸಿದವನು ಚಿಕ್ಕಪ್ಪ ಅಲ್ಲ, ಹೆನ್ರಿ ಕ್ಲೈನ್. ಪಕ್ಕದ ಸೇಂಟ್ ಥಾಮಸ್ ಆಸ್ಪತ್ರೆಯ ಸರ್ಜನ್, ರಾಜಕೀಯದಲ್ಲಿ ಪಕ್ಕಾ ರ‍್ಯಾಡಿಕಲ್. ಕೂಪರ್ ಇದ್ದದ್ದು ಅವನ ಮನೆಯಲ್ಲೇ. ಫ್ರಾನ್ಸಿನಲ್ಲಿ ಕ್ರಾಂತಿ ನಡೆಯುತ್ತಿದ್ದ ಕಾಲ. ಆ ಮನೆಯ ಊಟದ ಮೇಜಿನ ಮೇಲೆ ಮೂಳೆ, ರಕ್ತನಾಳಗಳ ಜೊತೆಗೆ ಸಮಾನತೆ, ಮತದಾನ, ರಾಜನ ಅಧಿಕಾರದ ಮಾತೂ ಬಡಿಸಲಾಗುತ್ತಿತ್ತು. ಮುಂದೆ ದೇಶದ್ರೋಹದ ಆರೋಪ ಹೊತ್ತು 1794ರಲ್ಲಿ ಕಟಕಟೆಯಲ್ಲಿ ನಿಂತು ಖುಲಾಸೆಯಾದ ಜಾನ್ ಥೆಲ್ವಾಲ್ ಕೂಪರ್‌ನ ಗೆಳೆಯ. 1791ರ ಡಿಸೆಂಬರಿನಲ್ಲಿ ಕೂಪರ್ ಆನ್ ಕಾಕ್ ಎಂಬಾಕೆಯನ್ನು ಮದುವೆಯಾದ. ಮದುವೆಯ ದಿನ ಸಂಜೆಯೂ ಪಾಠ ತಪ್ಪಿಸಲಿಲ್ಲ ಅಂತ ಹೇಳುತ್ತಾರೆ. ಮರುವರ್ಷ ಇಬ್ಬರೂ ಪ್ಯಾರಿಸ್‌ಗೆ ಹೋದರು. ಬೆಳಿಗ್ಗೆ ಅಲ್ಲಿನ ಆಸ್ಪತ್ರೆಗಳಲ್ಲಿ ಪಾಠ ಕೇಳುವುದು, ಬಿಡುವಾದಾಗ ಕ್ರಾಂತಿಯ ಭಾಷಣ ಕೇಳುವುದು. 1792ರ ಆಗಸ್ಟಿನಲ್ಲಿ ಅರಮನೆಯ ಮೇಲೆ ದಾಳಿಯಾಗಿ ಬೀದಿಯಲ್ಲಿ ರಕ್ತ ಹರಿದಾಗ ಅವರು ಆ ಊರಿನಲ್ಲೇ ಇದ್ದರು. ವಾಪಸ್ ಬರುವ ಹೊತ್ತಿಗೆ ಉತ್ಸಾಹ ಸ್ವಲ್ಪ ಇಳಿದಿತ್ತು.

ಪೂರ್ತಿ ಇಳಿದದ್ದು 1800ರಲ್ಲಿ. ಚಿಕ್ಕಪ್ಪ ಗೈಸ್ ಆಸ್ಪತ್ರೆಯ ಹುದ್ದೆ ಬಿಟ್ಟ, ಜಾಗ ಖಾಲಿಯಾಯಿತು. ಕೂಪರ್‌ಗೆ ಅದು ಬೇಕಿತ್ತು. ಆದರೆ ಆಡಳಿತದವರಿಗೆ ಪ್ರಜಾಪ್ರಭುತ್ವದ ಮಾತಾಡುವ ಸರ್ಜನ್ ಬೇಡವಾಗಿದ್ದ. ಕೂಪರ್ ಹಳೆಯ ಸಂಗಡಿಗರನ್ನು, ಹಳೆಯ ಮಾತನ್ನು ಬಿಟ್ಟ. ಹುದ್ದೆ ಸಿಕ್ಕಿತು. ಆಮೇಲೆ ಸಾಯುವವರೆಗೂ ಅವನು ರಾಜಕೀಯದ ತಂಟೆಗೆ ಹೋಗಲಿಲ್ಲ. ಇಪ್ಪತ್ತರ ವಯಸ್ಸಿನ ಟ್ವೀಟುಗಳನ್ನು ಮೂವತ್ತರಲ್ಲಿ ಡಿಲೀಟ್ ಮಾಡುವವರನ್ನು ಕಂಡಿರುವ ನಮಗೆ ಇದೇನೂ ಹೊಸದಲ್ಲ.

ಅಲ್ಲಿಂದ ಅವನ ಏರಿಕೆ ನಿಲ್ಲಲಿಲ್ಲ. ರಾಯಲ್ ಸೊಸೈಟಿಯ ಸದಸ್ಯತ್ವ, ಕಾಪ್ಲಿ ಪದಕ, ಹರ್ನಿಯಾ ಬಗ್ಗೆ ದೊಡ್ಡ ಪುಸ್ತಕ. 1817ರಲ್ಲಿ ಹೊಟ್ಟೆಯೊಳಗಿನ ಮಹಾಪಧಮನಿಗೇ ದಾರ ಕಟ್ಟಿದ. ರೋಗಿ ಬದುಕಿದ್ದು ಒಂದೂವರೆ ದಿನದಷ್ಟೇ, ಆದರೂ ಅಲ್ಲಿಗೆ ಕೈ ಹಾಕುವ ಧೈರ್ಯ ಅದುವರೆಗೆ ಯಾರಿಗೂ ಇರಲಿಲ್ಲ. ಆಗ ಅರಿವಳಿಕೆ ಇರಲಿಲ್ಲ ಅನ್ನುವುದನ್ನು ಮರೆಯಬೇಡಿ. ಆತನ ಒಂದು ವರ್ಷದ ಆದಾಯ 21,000 ಪೌಂಡ್ ಮುಟ್ಟಿತ್ತು. ನಾಲ್ಕನೇ ಜಾರ್ಜ್ ದೊರೆಯ ತಲೆಯ ಮೇಲಿದ್ದ ಒಂದು ಗಂಟನ್ನು ತೆಗೆದದ್ದಕ್ಕೆ 1821ರಲ್ಲಿ ಬ್ಯಾರೊನೆಟ್ ಪದವಿ ಬಂತು. ಹಳೆಯ ರ‍್ಯಾಡಿಕಲ್ ಈಗ ಸರ್ ಆಸ್ಟ್ಲಿ ಕೂಪರ್.

ಮರುವರ್ಷ, 1822ರಲ್ಲಿ, ಕೀಲು ತಪ್ಪುವುದು ಮತ್ತು ಕೀಲಿನ ಬಳಿ ಮೂಳೆ ಮುರಿಯುವುದರ ಬಗ್ಗೆ ಅವನ ಪುಸ್ತಕ ಬಂತು. ನಮ್ಮ ಗೆರೆ ಇರುವುದು ಅದರಲ್ಲಿ. ತೊಡೆಮೂಳೆಯ ಕುತ್ತಿಗೆ ಮುರಿಯುತ್ತದೆ ಅಂತ ಗೊತ್ತಿದ್ದದ್ದು ಹೊಸದಲ್ಲ. ಹದಿನಾರನೇ ಶತಮಾನದ ಫ್ರೆಂಚ್ ಸರ್ಜನ್ ಆಂಬ್ರೋಸ್ ಪಾರೆ ಅದನ್ನು ವಿವರಿಸಿದ್ದ. ಡಬ್ಲಿನ್ನಿನ ಏಬ್ರಹಾಂ ಕಾಲ್ಸ್ ಕೂಡ ಕೂಪರ್‌ಗಿಂತ ಮುಂಚೆ ಇದರ ಬಗ್ಗೆ ಬರೆದಿದ್ದ. ಕೂಪರ್ ಮಾಡಿದ್ದು ವಿಂಗಡಣೆ. ಒಂದೇ ಹೆಸರಿನಡಿ ಇದ್ದದ್ದನ್ನು ಎರಡು ಬೇರೆ ಬೇರೆ ಘಟನೆಗಳು ಅಂತ ತೋರಿಸಿದ.

ಚೀಲದ ಒಳಗೆ ಮುರಿಯುವುದು ಹೆಚ್ಚಾಗಿ ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ. ಎತ್ತರದಿಂದ ಬೀಳಬೇಕಾಗಿಲ್ಲ, ಫುಟ್‌ಪಾತಿನ ಅಂಚಿನಿಂದ ಕಾಲು ಜಾರಿದರೂ ಸಾಕು. ವಯಸ್ಸಾದಂತೆ ಕುತ್ತಿಗೆಯ ಮೂಳೆ ಒಳಗೊಳಗೇ ಸವೆದು ತೆಳುವಾಗುತ್ತದೆ ಅಂತ ಅವನು ಕಂಡಿದ್ದ. ಕಾಲು ಗಿಡ್ಡವಾಗುತ್ತದೆ, ಪಾದ ಹೊರಕ್ಕೆ ತಿರುಗುತ್ತದೆ. ಈ ಮುರಿತ ಮೂಳೆಯಿಂದ ಮೂಳೆಗೆ ಕೂಡುವುದಿಲ್ಲ. ಯಾಕೆ? ಮೂಳೆಯ ತಲೆಗೆ ರಕ್ತ ಹೋಗುವ ದಾರಿ ಬಹುಪಾಲು ಕುತ್ತಿಗೆಯ ಮೇಲೇ ಇದೆ. ಕುತ್ತಿಗೆ ಮುರಿದರೆ ದಾರಿಯೂ ಕಡಿಯಿತು. ಗೊಬ್ಬರ, ನೀರು ಎರಡೂ ಸಿಗದ ಸಸಿಯಂತೆ ತಲೆಭಾಗ ಉಪವಾಸ ಬೀಳುತ್ತದೆ. ಚೀಲದ ಹೊರಗೆ ಮುರಿದರೆ ಕಥೆ ಬೇರೆ. ರಕ್ತ ಬೇಕಾದಷ್ಟಿದೆ, ಸರಿಯಾಗಿ ಹಿಡಿದಿಟ್ಟರೆ ಮೂಳೆ ಕೂಡುತ್ತದೆ.

ಚಿಕಿತ್ಸೆ ಕೂಡ ಹಾಗೆಯೇ ಒಡೆಯಿತು. ಕೂಡುವುದೇ ಇಲ್ಲ ಅಂದಮೇಲೆ ಮುದುಕಿಯನ್ನು ತಿಂಗಳುಗಟ್ಟಲೆ ಹಲಗೆಗೆ ಕಟ್ಟಿ ಮಲಗಿಸುವುದು ಶಿಕ್ಷೆಯೇ ಹೊರತು ಔಷಧಿಯಲ್ಲ. ಮಲಗಿದವರು ಮುರಿದ ಮೂಳೆಯಿಂದಲ್ಲ, ಮಲಗಿದ್ದರಿಂದ ಸಾಯುತ್ತಿದ್ದರು. ಹಾಗಾಗಿ ನೋವು ತಗ್ಗುವವರೆಗೆ ಕಾಲ ಕೆಳಗೆ ದಿಂಬಿಟ್ಟು, ಆಮೇಲೆ ಊರುಗೋಲು ಕೊಟ್ಟು ಎಬ್ಬಿಸಿ, ಗಿಡ್ಡವಾದ ಕಾಲಿಗೆ ಎತ್ತರದ ಹಿಮ್ಮಡಿಯ ಬೂಟು ಹಾಕಿಸಿ ಅಂದ. ಲಂಡನ್ನಿನಲ್ಲಿ ಜಗಳವೇ ಆಯಿತು. ಸೇಂಟ್ ಬಾರ್ತಲೊಮ್ಯೂ ಆಸ್ಪತ್ರೆಯ ಹೆನ್ರಿ ಅರ್ಲ್, ಈ ಮಾತು ಕೇಳಿದ ಸರ್ಜನ್‌ಗಳು ಕೂಡಿಸುವ ಪ್ರಯತ್ನವನ್ನೇ ಕೈಬಿಡುತ್ತಾರೆ ಅಂತ ವಾದಿಸಿದ. ಆ ಭಯ ಪೂರ್ತಿ ಸುಳ್ಳಾಗಿರಲಿಲ್ಲ. ಇವತ್ತು ಸರಿಯದೆ ಇರುವ ಒಳಮುರಿತಗಳನ್ನು ಸ್ಕ್ರೂ ಹಾಕಿ ಕೂಡಿಸುತ್ತಾರೆ. ಆದರೆ ಗೆರೆ ಮಾತ್ರ ಅಲ್ಲೇ ಇದೆ: ವಯಸ್ಸಾದವರಲ್ಲಿ ಒಳಗೆ ಮುರಿದು ಸರಿದಿದ್ದರೆ ತಲೆಭಾಗವನ್ನೇ ತೆಗೆದು ಕೃತಕ ತಲೆ ಕೂರಿಸುತ್ತಾರೆ, ಹೊರಗಾದರೆ ಸ್ಕ್ರೂ ಅಥವಾ ರಾಡ್.

ಸರಿ, ಎಕ್ಸ್‌ರೇ ಹುಟ್ಟುವುದಕ್ಕೆ ಎಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲು ಒಬ್ಬ ಮನುಷ್ಯನಿಗೆ ಇದೆಲ್ಲ ಹೇಗೆ ಗೊತ್ತಾಯಿತು? ನಾಯಿಗಳ ಮೇಲೆ ಪ್ರಯೋಗ ಮಾಡಿದ್ದ, ನಿಜ. ಆದರೆ ಮನುಷ್ಯನ ಮೂಳೆ ಒಳಗೆ ಮುರಿದಿದೆಯೋ ಹೊರಗೋ, ವರ್ಷಗಳ ನಂತರ ಕೂಡಿದೆಯೋ ಇಲ್ಲವೋ ತಿಳಿಯಲು ಇದ್ದದ್ದು ಒಂದೇ ದಾರಿ. ಹೆಣ ಕೊಯ್ಯಬೇಕು.

ಕಾನೂನುಬದ್ಧವಾಗಿ ಸಿಗುತ್ತಿದ್ದದ್ದು ಕೊಲೆ ಮಾಡಿ ನೇಣಿಗೇರಿದವರ ಹೆಣ ಮಾತ್ರ. 1752ರ ಕಾಯ್ದೆ ಕೊಯ್ಯುವುದನ್ನು ಶಿಕ್ಷೆಯ ಭಾಗವಾಗಿಸಿತ್ತು. ಲಂಡನ್ನಿನ ನೂರಾರು ವಿದ್ಯಾರ್ಥಿಗಳಿಗೆ ಅದು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಉಳಿದದ್ದನ್ನು ರಾತ್ರಿ ಸ್ಮಶಾನಗಳಿಂದ ಅಗೆದು ತರುತ್ತಿದ್ದರು. ಕಾನೂನಿನ ವಿಚಿತ್ರ ನೋಡಿ: ಹೆಣ ಯಾರ ಆಸ್ತಿಯೂ ಅಲ್ಲ, ಹಾಗಾಗಿ ಅದನ್ನು ಹೊತ್ತೊಯ್ದರೆ ಕಳ್ಳತನ ಅಲ್ಲ. ಹೊದಿಸಿದ ಬಟ್ಟೆ ಒಯ್ದರೆ ಕಳ್ಳತನ! ಅದಕ್ಕೇ ಬಟ್ಟೆ ಬಿಚ್ಚಿ ಗುಂಡಿಗೆ ಎಸೆದು ಬೆತ್ತಲೆ ಹೆಣ ಒಯ್ಯುತ್ತಿದ್ದರು. ಶ್ರೀಮಂತರು ಕಬ್ಬಿಣದ ಶವಪೆಟ್ಟಿಗೆ ಮಾಡಿಸಿಕೊಂಡರು, ಗೋರಿಗೆ ಕಾವಲು ಇಟ್ಟರು. ಬಡವರನ್ನು ಒಂದೇ ಗುಂಡಿಯಲ್ಲಿ ಸಾಲಾಗಿ, ಮೇಲುಮೇಲೆಯೇ ಹೂಳುತ್ತಿದ್ದರು. ಯಾರ ಹೆಣ ಸುಲಭವಾಗಿ ಸಿಗುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕೂಪರ್ ಈ ದಂಧೆಯ ಪೋಷಕ. ಗ್ಯಾಂಗಿನವರು ಜೈಲಿಗೆ ಹೋದರೆ ಹೆಂಡತಿ ಮಕ್ಕಳ ಖರ್ಚು ನೋಡಿಕೊಳ್ಳುತ್ತಿದ್ದ. ಅಷ್ಟೇ ಅಲ್ಲ, ತಾನು ಆಪರೇಷನ್ ಮಾಡಿದ ರೋಗಿಗಳ ಜಾಡನ್ನು ವರ್ಷಗಟ್ಟಲೆ ಬಿಡುತ್ತಿರಲಿಲ್ಲ. ಇವತ್ತಿನ ಭಾಷೆಯಲ್ಲಿ ಫಾಲೋಅಪ್. 24 ವರ್ಷದ ಹಿಂದೆ ಆಪರೇಷನ್ ಮಾಡಿದ್ದ ಒಬ್ಬ ಮನುಷ್ಯ ದೂರದ ಊರಿನಲ್ಲಿ ತೀರಿಕೊಂಡ ಸುದ್ದಿ 1820ರಲ್ಲಿ ಬಂತು. ಒಳಗೆ ಏನಾಗಿದೆ ಅಂತ ಕೂಪರ್ ನೋಡಲೇಬೇಕಿತ್ತು. ಇಬ್ಬರನ್ನು ಕಳಿಸಿದ. ಆ ಕೆಲಸದ ಬಿಲ್ಲು ಉಳಿದುಕೊಂಡಿದೆ, ಅವನ ಸೋದರನ ಮಗನೇ ಬರೆದ ಜೀವನಚರಿತ್ರೆಯಲ್ಲಿ ಅಚ್ಚಾಗಿದೆ.

ಇಬ್ಬರಿಗೆ ಹೋಗಿ ಬರಲು ಕೋಚ್ ಗಾಡಿಯ ಬಾಡಿಗೆ 3 ಪೌಂಡ್ 12 ಶಿಲಿಂಗ್. ಗಾರ್ಡು, ಗಾಡಿಯವರಿಗೆ 6 ಶಿಲಿಂಗ್. ಎರಡು ದಿನದ ಖರ್ಚು 1 ಪೌಂಡ್ 14 ಶಿಲಿಂಗ್ 6 ಪೆನ್ಸ್. ಸಾಗಣೆ ಮತ್ತು ಹಮಾಲಿ 12 ಶಿಲಿಂಗ್ 6 ಪೆನ್ಸ್. ಸಬ್ಜೆಕ್ಟು 7 ಪೌಂಡ್ 7 ಶಿಲಿಂಗ್. ಒಟ್ಟು 13 ಪೌಂಡ್ 12 ಶಿಲಿಂಗ್. ಕೂಡಿ ನೋಡಿದೆ, ಲೆಕ್ಕ ಒಂದು ಪೆನ್ನಿಯೂ ತಪ್ಪಿಲ್ಲ.

ನನಗೆ ಇದಕ್ಕಿಂತ ಅಚ್ಚುಕಟ್ಟಾದ ಕ್ಲಿನಿಕಲ್ ಡಾಕ್ಯುಮೆಂಟ್ ನೆನಪಾಗುತ್ತಿಲ್ಲ. ಗಾಡಿಯವನ ಭಕ್ಷೀಸಿಗೂ ಒಂದು ಸಾಲಿದೆ. ಸತ್ತ ಮನುಷ್ಯನಿಗೆ ಇರುವುದು ಸಬ್ಜೆಕ್ಟ್ ಅನ್ನುವ ಒಂದು ಪದ ಮತ್ತು ಅದರ ಮುಂದೆ ಒಂದು ದರ. ಅವನ ಒಪ್ಪಿಗೆ ಬರೆಯುವ ಕಾಲಮ್ಮೇ ಇಲ್ಲ.

1828ರಲ್ಲಿ ಪಾರ್ಲಿಮೆಂಟಿನ ಸಮಿತಿ ಈ ಹೆಣ ವ್ಯಾಪಾರದ ಬಗ್ಗೆ ವಿಚಾರಣೆ ನಡೆಸಿತು. ಕೂಪರ್ ಸಾಕ್ಷಿ ಹೇಳಲು ಬಂದ. ಸಂಕೋಚ ಏನೂ ಇರಲಿಲ್ಲ. ಸಮಾಜದಲ್ಲಿ ಎಷ್ಟೇ ದೊಡ್ಡ ಸ್ಥಾನದಲ್ಲಿದ್ದವನಾಗಲಿ, ತಾನು ಮನಸ್ಸು ಮಾಡಿದರೆ ಅವನ ಹೆಣ ತರಿಸಬಲ್ಲೆ, ಕಾನೂನು ಬೆಲೆ ಏರಿಸುತ್ತದೆಯೇ ಹೊರತು ಅಗೆಯುವುದನ್ನು ತಡೆಯುವುದಿಲ್ಲ ಎಂಬ ಅರ್ಥದ ಮಾತನ್ನು ಸಂಸದರ ಮುಖಕ್ಕೇ ಹೇಳಿದ. ಅದೇ ವರ್ಷ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಅಗೆಯುವ ಕಷ್ಟವೇ ಬೇಡ ಅಂತ ಹದಿನಾರು ಜನರನ್ನು ಕೊಂದು ಹೆಣ ಮಾರಿದ್ದು ಬಯಲಾಯಿತು. 1831ರಲ್ಲಿ ಲಂಡನ್ನಿನಲ್ಲೂ ಅದೇ ಥರದ ಕೊಲೆ. 1832ಕ್ಕೆ ಅನಾಟಮಿ ಕಾಯ್ದೆ ಬಂತು.

ಕಾಯ್ದೆ ಏನು ಮಾಡಿತು? ಕೊಲೆಗಾರರ ಹೆಣ ಕೊಯ್ಯುವುದನ್ನು ನಿಲ್ಲಿಸಿತು. ಬದಲಿಗೆ ಅನಾಥಾಲಯ, ಆಸ್ಪತ್ರೆಗಳಲ್ಲಿ ಸತ್ತು, ವಾರಸುದಾರರು ಬಾರದವರ ಹೆಣಗಳನ್ನು ವೈದ್ಯಶಾಲೆಗಳಿಗೆ ಕೊಟ್ಟಿತು. ನಿನ್ನೆಯವರೆಗೆ ಕೊಲೆಗೆ ಕೊಡುತ್ತಿದ್ದ ಶಿಕ್ಷೆ ಇವತ್ತಿನಿಂದ ಬಡತನಕ್ಕೆ ಅಂತ ವಿಲಿಯಂ ಕಾಬೆಟ್‌ನಂಥವರು ಕಿರುಚಾಡಿದರು, ಯಾರೂ ಕೇಳಲಿಲ್ಲ. ಅದೇ ತರ್ಕ ನಮ್ಮಲ್ಲಿಗೂ ಬಂದಿದೆ. ಕರ್ನಾಟಕದಲ್ಲಿ ವಾರಸುದಾರರಿಲ್ಲದ ಹೆಣ ಮೆಡಿಕಲ್ ಕಾಲೇಜಿಗೆ ಹೋಗುವುದು 1957ರ ಅನಾಟಮಿ ಕಾಯ್ದೆಯ ಅಡಿಯಲ್ಲಿ.

ಇಲ್ಲಿಗೆ ಕೂಪರ್‌ನನ್ನು ಖಳನಾಯಕ ಮಾಡಿ ಮುಗಿಸಿದರೆ ಸುಲಭ. ಆದರೆ ಅವನ ಗೆರೆಯಿಂದಾಗಿ ಎಷ್ಟೋ ಮುದುಕಿಯರು ಹಲಗೆಗೆ ಕಟ್ಟಿಸಿಕೊಳ್ಳದೆ ಎದ್ದು ನಡೆದಾಡಿದರು, ಅದೂ ನಿಜ. ಅವನು ತಿಳಿದದ್ದನ್ನು ಮುಚ್ಚಿಡುವವನೂ ಅಲ್ಲ. ಆದರೆ ಬರೆಯುವ ಪೆನ್ನು ಬೇರೆಯವರ ಕೈಗೆ ಹೋದಾಗ ಏನಾಯಿತು ಅನ್ನೋದು ಮಜವಾಗಿದೆ.

ಅವನ ಪಾಠ ಕೇಳಿದವರಲ್ಲಿ ಥಾಮಸ್ ವೇಕ್ಲಿ ಅಂತ ಒಬ್ಬನಿದ್ದ. ಆತ 1823ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಶುರು ಮಾಡಿ, ದುಬಾರಿ ಫೀಸು ಕೊಟ್ಟವರಿಗಷ್ಟೇ ಸಿಗುತ್ತಿದ್ದ ಕೂಪರ್‌ನ ಉಪನ್ಯಾಸಗಳನ್ನು ಅನುಮತಿ ಕೇಳದೆ ಅಚ್ಚು ಹಾಕತೊಡಗಿದ. ಪೈರಸಿಯೇ. ಕೂಪರ್ ಹುಡುಕಿಕೊಂಡು ಹೋದಾಗ ವೇಕ್ಲಿ ಪ್ರೂಫ್ ತಿದ್ದುತ್ತಾ ಸಿಕ್ಕಿಬಿದ್ದನಂತೆ. ಕೂಪರ್ ನಕ್ಕು, ತನ್ನ ಹೆಸರು ಹಾಕಬೇಡ ಅಂತಷ್ಟೇ ಹೇಳಿ ಬಂದ. ಅಲ್ಲಿಯವರೆಗೆ ದೊಡ್ಡ ಮನುಷ್ಯ.

ಆಮೇಲೆ ವೇಕ್ಲಿ ಆಸ್ಪತ್ರೆಗಳಲ್ಲಿ ನಡೆಯುವ ಆಪರೇಷನ್‌ಗಳನ್ನೂ ವರದಿ ಮಾಡತೊಡಗಿದ. ಯಾರು ಮಾಡಿದರು, ಎಷ್ಟು ಹೊತ್ತು ಹಿಡಿಯಿತು, ರೋಗಿ ಏನಾದ. ಗೈಸ್‌ನಲ್ಲಿ ಆಗ ಸರ್ಜನ್ ಆಗಿದ್ದವನು ಕೂಪರ್‌ನ ಸೋದರನ ಮಗ ಬ್ರಾನ್ಸ್‌ಬಿ ಕೂಪರ್, ಮುಂದೆ ಆ ಜೀವನಚರಿತ್ರೆ ಬರೆದವನೇ. 1828ರ ಮಾರ್ಚಿನಲ್ಲಿ ಅವನು ಸ್ಟೀಫನ್ ಪೊಲಾರ್ಡ್ ಎಂಬ ಕೂಲಿಕಾರನ ಮೂತ್ರಕೋಶದ ಕಲ್ಲು ತೆಗೆಯಲು ಹೋದ. ಕೈ ಪಳಗಿದವರು ಕೆಲವೇ ನಿಮಿಷದಲ್ಲಿ ಮುಗಿಸುತ್ತಿದ್ದ ಕೆಲಸ. ಇವನಿಗೆ ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯಿತು, ಪೂರ್ತಿ ಎಚ್ಚರದಲ್ಲಿದ್ದ ಮನುಷ್ಯನ ಮೇಲೆ. ಪೊಲಾರ್ಡ್ ಮರುದಿನ ಸತ್ತ. ಲ್ಯಾನ್ಸೆಟ್ ಎಲ್ಲವನ್ನೂ ಅಚ್ಚು ಹಾಕಿತು. ಚಿಕ್ಕಪ್ಪನ ಹೆಸರಿಲ್ಲದಿದ್ದರೆ ಇವನಿಗೆ ಈ ಹುದ್ದೆ ಸಿಗುತ್ತಿತ್ತೇ ಅಂತಲೂ ಕೇಳಿತು. ಬ್ರಾನ್ಸ್‌ಬಿ 2,000 ಪೌಂಡಿಗೆ ಮಾನನಷ್ಟ ಮೊಕದ್ದಮೆ ಹೂಡಿದ. ಸರ್ ಆಸ್ಟ್ಲಿ ಅವನ ಪರ ನಿಂತ. ಬ್ರಾನ್ಸ್‌ಬಿ ಗೆದ್ದ, ಆದರೆ ಜ್ಯೂರಿ ಕೊಡಿಸಿದ್ದು ಬರೀ 100 ಪೌಂಡ್. ವೇಕ್ಲಿಯ ಕೋರ್ಟು ಖರ್ಚನ್ನು ಜನ ಚಂದಾ ಎತ್ತಿ ತುಂಬಿದರು.

24 ವರ್ಷದ ನಂತರ ಗೋರಿ ಅಗೆಸಿ ಫಲಿತಾಂಶ ನೋಡುವಷ್ಟು ಸತ್ಯದ ಹಸಿವಿದ್ದ ಮನುಷ್ಯ, ಬದುಕಿದ್ದ ರೋಗಿಗೆ ಏನಾಯಿತು ಅಂತ ಊರಿಗೆಲ್ಲ ತಿಳಿಯುವ ಹೊತ್ತಿಗೆ ಮನೆತನದ ಕಡೆ ನಿಂತ. ಫಲಿತಾಂಶದ ದಾಖಲೆ ಅವನಿಗೆ ಬೇಕಿತ್ತು. ಅದನ್ನು ಇನ್ನೊಬ್ಬರು ಓದುವುದು ಬೇಕಿರಲಿಲ್ಲ.

ನಮ್ಮಜ್ಜಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದಾಗ ಸೊಂಟ ಮುರೀತು ಅಂತಲೇ ಮನೆಯವರೆಲ್ಲ ಹೇಳಿದ್ದು. ಮುರಿದದ್ದು ತೊಡೆಮೂಳೆಯ ಕುತ್ತಿಗೆ. ಐದು ವಾರ ಮಲಗಿದ್ದರು. ಆಸ್ಪತ್ರೆ ಕೊಟ್ಟ ಕಾಗದದಲ್ಲಿ ಸಾವಿನ ಕಾರಣ ಹೃದಯ ಸ್ತಂಭನ. ಬಿದ್ದದ್ದು, ಮುರಿದದ್ದು ಯಾವುದೂ ಅದರಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನಿಯಮ ಹೇಳುವುದೇ ಬೇರೆ: ಸಾವಿಗೆ ದಾರಿ ಮಾಡಿದ ಮೊದಲ ಕೊಂಡಿ ಯಾವುದೋ ಅದನ್ನು ಬರೆಯಬೇಕು, ಕೊನೆಗೆ ಎಲ್ಲರ ಹೃದಯವೂ ನಿಲ್ಲುತ್ತದೆ. ಬರೆಯದಿದ್ದರೆ ಅದು ಬಿದ್ದು ಸತ್ತವರ ಲೆಕ್ಕಕ್ಕೆ ಸೇರುವುದಿಲ್ಲ. ಲೆಕ್ಕಕ್ಕೆ ಸೇರದ ಸಾವಿಗೆ ಬಜೆಟ್ಟಿನಲ್ಲಿ ದುಡ್ಡೂ ಇಲ್ಲ, ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿ ಅನ್ನುವ ಒಂದು ಪೋಸ್ಟರೂ ಇಲ್ಲ.

ಇದನ್ನು ರೂಮ್‌ಮೇಟ್‌ಗೆ ಹೇಳಿದಾಗ ಅವನು ಇನ್ನೊಂದು ವಿಷಯ ತೋರಿಸಿದ. ಮೂಳೆ ಸವೆತ ಇದೆ ಅಂತ ಮೊದಲೇ ಗೊತ್ತಿರುವವರು, ಗಟ್ಟಿ ಮೂಳೆ ಮುರಿಯದಂಥ ಸಣ್ಣ ಬೀಳುವಿಕೆಯಲ್ಲಿ ತೊಡೆ ಮುರಿದುಕೊಂಡರೆ ಅದಕ್ಕೆ ಎಸ್ 72 ಹಾಕುವ ಹಾಗಿಲ್ಲ. ಎಂ 80 ಹಾಕಬೇಕು. ಅಪಘಾತದ ಪಟ್ಟಿಯಿಂದ ಕಾಯಿಲೆಯ ಪಟ್ಟಿಗೆ ಬರುತ್ತದೆ. ಫುಟ್‌ಪಾತಿನ ಅಂಚಿನಿಂದ ಜಾರಿದ ಮುದುಕಿಯನ್ನು ಕಂಡು ಇದು ಪೆಟ್ಟಿಗಿಂತ ಹೆಚ್ಚಾಗಿ ಮೂಳೆಯ ಸವೆತದ ಕಥೆ ಅಂತ ಕೂಪರ್ ಗುರುತಿಸಿದ್ದನಲ್ಲ, ಅದೇ ಮಾತು ಇನ್ನೂರು ವರ್ಷದ ನಂತರ ಕೋಡಿಂಗ್ ನಿಯಮವಾಗಿ ಬೆಂಗಳೂರಿನ ಸ್ಕ್ರೀನಿನ ಮೇಲಿತ್ತು. ಡಾಕ್ಟರ್ ಟಿಪ್ಪಣಿಯಲ್ಲಿ ಮೂಳೆ ಸವೆತದ ಬಗ್ಗೆ ಒಂದು ಪದ ಇದ್ದರೆ ಮಾತ್ರ.

ಮೊಕದ್ದಮೆಯ ನಂತರ ಕೂಪರ್ ಹನ್ನೆರಡು ವರ್ಷ ಬದುಕಿದ್ದ. ರಾಜರ ಸರ್ಜನ್ ಆಗಿದ್ದ, ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ಗೆ 1836ರಲ್ಲಿ ಎರಡನೇ ಸಲ ಅಧ್ಯಕ್ಷನಾದ. ಮೊಕದ್ದಮೆಗೂ ಮೊದಲೇ ಒಂದಷ್ಟು ಕಾಲ ಹಳ್ಳಿಗೆ ಹೋಗಿ ಇರಲು ನೋಡಿದ್ದ, ಕೆಲಸವಿಲ್ಲದೆ ಬೇಸರ ಬಂದು ಲಂಡನ್ನಿಗೆ ವಾಪಸಾಗಿದ್ದ. 1841ರ ಫೆಬ್ರವರಿ 12ರಂದು ತೀರಿಕೊಂಡ. ಅವನನ್ನು ಯಾವ ಸ್ಮಶಾನದಲ್ಲೂ ಹೂಳಲಿಲ್ಲ. ಅವನ ಇಚ್ಛೆಯಂತೆಯೇ ಗೈಸ್ ಆಸ್ಪತ್ರೆಯ ಪ್ರಾರ್ಥನಾ ಮಂದಿರದ ನೆಲದಡಿ, ಗೋಡೆಗಳ ಒಳಗೆ ಇಟ್ಟರು. ಅಷ್ಟೊತ್ತಿಗೆ ಹೆಣಗಳ್ಳರ ಕಸುಬು ನಿಂತು ಹೋಗಿತ್ತು. ಕಾಯ್ದೆ ಬಂದು ಒಂಬತ್ತು ವರ್ಷವಾಗಿತ್ತು, ಕೊಯ್ಯುವ ಮೇಜಿಗೆ ಅನಾಥಾಲಯಗಳಿಂದ ಹೆಣ ಬರುತ್ತಿತ್ತು.